ಉಪ್ಪುನೀರಿನ ಸುಯಿ

ಟೀಬಿ ಆದವರು ಅದನ್ನ ಯಾರ ಮುಂದೂ ಹೇಳಂಗಿಲ್ಲ. ಸಕ್ಕರಿ ಕಾಯಿಲಿ ಇದ್ದವರು ಚಹಾ ಕುಡಿಯುವಾಗ ಎಲ್ಲರಿಗೂ ಕೇಳೋಹಂಗ ಹೇಳ್ತಾರ, ಎದಿ ಆಪರೇಷನ್ ಆದವರು ಅಂಗಿ ಗುಂಡಿ ಬಿಚ್ಚಿ ಹೊಲಿಗಿ ತೋರಿಸ್ತಾರ, ಟೀಬಿ ಆದ್ರ ಮಾತ್ರ ಸ್ವಲ್ಪ ಕೆಮ್ಮು ಅಂತಾರ. ನನಗ ಟೀಬಿ ಆಗಿತ್ತು. ನಮ್ಮ ಬೀದರ ಜಿಲ್ಲಾ ಮೈಸೂರು ರಾಜ್ಯಕ್ಕ ಸೇರಿದ ವರ್ಷ, ನಾ ಹತ್ತೊಂಬತ್ತು ವರ್ಷದಾಕಿ. ಈಗ ಎಂಬತ್ತೈದು ದಾಟ್ಯಾವ. ಹೇಳ್ಲಿಕ್ಕೆ ಇನ್ನ ಯಾರ ಅಂಜಿಕಿ?

ಹೋದ ತಿಂಗಳು ನಮ್ಮ ಓಣಿಯಾಗ ಒಬ್ಬ ಹುಡುಗಿಗೆ ಅದೇ ರೋಗ ಅಂತ ಗೊತ್ತಾಯ್ತು. ಆಕಿ ತಾಯಿ ನನ್ನ ಮನಿಗೆ ಬಂದು, ಬಾಗಿಲಾ ಮುಂದ ಮಾಡಿ, ಸೆರಗು ಬಾಯಿಗಿಟ್ಕೊಂಡು ಅತ್ಲು. ಕೈಯಾಗಿನ ಚೀಲದಾಗ ಮೂರು ಎಕ್ಸ್‌ರೇ ಇದ್ದವು. ಮೂರೂ ಒಂದೇ ವಾರದ್ದು, ಒಂದೇ ಎದಿದ್ದು. ಒಬ್ಬ ಡಾಕ್ಟರು ಇನ್ನೊಬ್ಬರು ತೆಗಿಸಿದ್ದು ನೋಡಂಗಿಲ್ಲಂತ. ನನಗ ಸಿಟ್ಟು ಬಂತು. ಆಮ್ಯಾಲ ಕಾಶೀಬಾಯಿ ನೆನಪಾದ್ಲು, ಸಿಟ್ಟು ಹೋಗಿ ಬ್ಯಾರೇನೋ ಆಯ್ತು. ಆ ತಾಯಿಗೆ ಧೈರ್ಯ ಹೇಳಿ, ಗುಳಿಗಿ ಒಂದು ದಿನಾನೂ ತಪ್ಪಿಸಬ್ಯಾಡ್ರಿ ಅಂತ ಹೇಳಿ ಕಳಿಸಿದೆ. ಕಾಶೀಬಾಯಿ ಸುದ್ದಿ ಮಾತ್ರ ತೆಗೀಲಿಲ್ಲ. ಅದನ್ನ ಇಲ್ಲಿ ಹೇಳ್ತೇನಿ.

ಆಗ ನಾ ಭಾಲ್ಕಿಯಾಗ ಹೆಣ್ಣುಮಕ್ಕಳ ಸಾಲಿಯಾಗ ಕಲಿಸ್ತಿದ್ದೆ. ನಮ್ಮಪ್ಪ ತಹಸೀಲ ಕಚೇರಿಯಾಗ ಗುಮಾಸ್ತ. ನಿಜಾಮರ ಕಾಲದಾಗ ಸಾಲಿ ಅಂದ್ರ ಉರ್ದು ಸಾಲಿ. ಅಪ್ಪ ನನ್ನ ಉರ್ದುವಿನಾಗೇ ಏಳನೇತ್ತದ ತನಕ ಓದಿಸಿದ್ದ. ಕನ್ನಡ ಅಕ್ಷರ ಅವ್ವನ ಕಡಿ ಅಜ್ಜ ಕಲಿಸಿದ್ದ, ಅಪ್ಪಗ ಅವು ಬರ್ತಿದ್ದಿಲ್ಲ. ಬಾಯಿ ಮಾತಿಗೆ ಕನ್ನಡ, ಕಾಗದದ ಮ್ಯಾಲ ಉರ್ದು, ಸಂತಿಗೆ ಹೋದ್ರ ಮರಾಠಿ, ಹಿಂಗಿತ್ತು ನಮ್ಮ ಬದುಕು.

ಮೊದಲು ಸಂಜಿಜ್ವರ ಬಂತು, ಆಮ್ಯಾಲ ಕೆಮ್ಮು. ಹಕೀಮರು ಶರಬತ್ತು ಕೊಟ್ರು. ವೈದ್ಯರು ಬಂದು ಶರಬತ್ತು ಚೆಲ್ಲಿಸಿ ಲೇಹ್ಯ ಕೊಟ್ರು. ಬಜಾರದ ಡಾಕ್ಟರು ಲೇಹ್ಯ ಬಿಡಿಸಿ ಕೆಂಪು ಟಾನಿಕ್ಕು ಬರದ್ರು, ಟಾನಿಕ್ಕಿನ ಜೋಡಿ ಎರಡು ದಿನಕ್ಕೊಂದು ಸುಯಿ. ಸುಯಿ ಅಂದ್ರ ಇಂಜಕ್ಷನ್ನು, ನಮ್ಮ ಕಡಿ ಹಂಗ ಅಂತೀವಿ. ಏನಿಂದು ಸುಯಿ ಅಂತ ಅಪ್ಪ ಕೇಳಿದ್ರ ತಾಕತ್ತಿಂದು ಅಂತಿದ್ರು. ಆರು ತಿಂಗಳು ಹಿಂಗ ಹೋಯ್ತು. ಖಾಲಿ ಬಾಟ್ಲಿ ಅವ್ವ ತೊಳದು ಸಾಲಾಗಿ ಇಟ್ಟಿದ್ಲು, ಒಂದರಾಗ ಕುಸುಬಿ ಎಣ್ಣಿ, ಇನ್ನೊಂದರಾಗ ಸೀಮೆಎಣ್ಣಿ. ಮೂರು ಮಂದಿಯಾಗ ಒಬ್ಬರೂ ನನ್ನ ಕಫ ಪರೀಕ್ಷಾ ಮಾಡಿಸ್ಲಿಲ್ಲ. ಒಂದು ದಿನ ಸಾಲಿಯಾಗ ಮಗ್ಗಿ ಹೇಳಿಸುವಾಗ ಕೆಮ್ಮಿದೆ, ಸೆರಗಿನ ಮ್ಯಾಲ ರಕ್ತ ಬಂತು. ಮುಂದಿನ ಸಾಲಿನಾಗ ಕೂತಿದ್ದ ಹುಡುಗಿ ಎದ್ದು ಓಡಿ ಹೋದ್ಲು.

ಹಲಬರ್ಗಾದ ಒಂದು ಮನಿಯಾಗ ನನ್ನ ಲಗ್ನ ಗೊತ್ತಾಗಿತ್ತು. ಅವರು ಒಬ್ಬ ಹಿರೇಮನಿಷಾನ್ನ ಕಳಿಸಿ, ಹುಡುಗಗ ಈ ವರ್ಷ ಲಗ್ನದ ಯೋಗ ಇಲ್ಲಂತ, ಅಂತ ಹೇಳಿಸಿದ್ರು. ಮುಂದಿನ ತಿಂಗಳೇ ಅವನ ಲಗ್ನ ಆಯ್ತು. ಅವ್ವ ನನಗ ಒಂದು ಗಂಗಾಳ, ಒಂದು ಲೋಟ ಬ್ಯಾರೆ ತೆಗದಿಟ್ಲು. ತೆಗದಿಟ್ಟು ತಾನೇ ಒಲಿ ಮುಂದ ಕೂತು ಅತ್ಲು. ಆಕಿ ಮ್ಯಾಲ ಸಿಟ್ಟು ಮಾಡ್ಲಿಕ್ಕೆ ನನಗ ಆಗ್ಲಿಲ್ಲ. ಅಪ್ಪ ಮರುದಿನ ನನ್ನ ರೈಲಿನಾಗ ಬೀದರಕ್ಕ ಕರಕೊಂಡು ಹೋದ.

ದವಾಖಾನಿ ವರಾಂಡಾದಾಗ ನಾವು ಮೂರು ದಿನ ಕೂತ್ವಿ. ಕಾಯೋ ಮಂದಿ ಎಲ್ಲಾ ಬಾಯಿಗೆ ಬಟ್ಟಿ ಹಿಡದವರೇ, ಒಬ್ಬರಿಗೊಬ್ಬರು ಮಾರಿ ಕೊಡಂಗಿಲ್ಲ. ಪರಿಚಯದವರು ಕಂಡ್ರ ಅಪ್ಪ ಕಂಬದ ಹಿಂದ ಸರೀತಿದ್ದ. ಮೂರನೇ ದಿನ ದೊಡ್ಡ ಡಾಕ್ಟರ್ ಸಾಹೇಬರು ಕರದ್ರು. ಬಿಳಿ ಗಡ್ಡ, ಹೈದ್ರಾಬಾದಿನಾಗ ಉರ್ದುವಿನಾಗೇ ಡಾಕ್ಟರಕಿ ಓದಿದವರು. ಎದಿ ಕೇಳಿ, ಎಕ್ಸ್‌ರೇ ಪ್ಲೇಟು ತೆಗಿಸಿ, ಕಫ ನೋಡಿಸಿ, ಉರ್ದುವಿನಾಗ ಸಾವಕಾಶ ಬರದ್ರು. ನಾ ತಲಿ ಕೆಳಗ ಮಾಡಿ ಆ ಬರಹ ಓದ್ಕೊಂಡೆ. ಅವರು ಹೇಳೋಕಿಂತ ಮೊದಲೇ ನನಗ ಗೊತ್ತಾಯ್ತು. "ಓದ್ಲಿಕ್ಕೆ ಬರ್ತದೇನ್ ಬೇಟಿ?" ಅಂದ್ರು. ಹೂಂ ಅಂದೆ. "ಹಂಗಾದ್ರ ಇದನ್ನೂ ಓದು" ಅಂದು ಕಡೀ ಸಾಲಿನ ಮ್ಯಾಲ ಬೆರಳು ಇಟ್ರು. ಛಲೋ ಆಗ್ತಾಳ, ಅಂತಿತ್ತು. ಅವತ್ತೇ ನನ್ನ ಹೆಣ್ಣುಮಕ್ಕಳ ವಾರ್ಡಿಗೆ ಹಾಕಿದ್ರು.

ವಾರ್ಡಿನಾಗ ಹನ್ನೆರಡು ಪಲಂಗ. ನನ್ನ ಬಾಜೂಕ ಕಾಶೀಬಾಯಿ. ಔರಾದ ಕಡಿ ಹಳ್ಳಿಯಾಕಿ, ಕುರಿ ಕಾಯೋ ಮನಿತನ. ನನಗಿಂತ ಆರೇಳು ವರ್ಷಕ್ಕ ದೊಡ್ಡಾಕಿ. ನಾಕು ವರ್ಷದ ಒಬ್ಬ ಮಗಳು ಇದ್ಲು, ಚಂದ್ರಿ ಅಂತ, ಮನಿಯಾಗ ಗಂಡನ ಹತ್ರ ಬಿಟ್ಟು ಬಂದಿದ್ಲು. ನಾ ಸಾಲಿ ಕಲಿಸಾಕಿ ಅಂತ ಗೊತ್ತಾದ ಮ್ಯಾಲ ನನ್ನ 'ಬಾಯಾರ' ಅಂತಿದ್ಲು. ನಾ ಆಕಿಗೆ ಅಕ್ಕ ಅಂತಿದ್ದೆ.

ಡಾಕ್ಟರು ದಿನಾ ಒಂದು ತತ್ತಿ ತಿನ್ನಬೇಕು ಅಂದಿದ್ರು. ನಮ್ಮದು ತತ್ತಿ ಮುಟ್ಟದ ಮನಿ. ನಾ ಎರಡು ದಿನ ಅದನ್ನ ಕಿಡಕಿ ಹೊರಗ ಒಗದೆ. ಮೂರನೇ ದಿನ ಕಾಶೀಬಾಯಿ ಎದ್ದು ಬಂದು ನನ್ನ ಪಲಂಗದ ಮ್ಯಾಲ ಕೂತ್ಲು.

"ಬಾಯಾರ, ಒಗೀಲತ್ತೀರಲ್ಲ, ಅದನ್ನ ಹಾಕ್ಲಿಕ್ಕೆ ಕೋಳಿ ಎಷ್ಟು ತ್ರಾಸ್ ತಗೊಂಡಿರ್ತದ, ಗೊತ್ತದ ಏನ್ರಿ? ಮೂಗು ಹಿಡ್ಕೋರಿ, ನುಂಗ್ರಿ. ನಾ ಆ ಕಡಿ ಮಾರಿ ಮಾಡ್ತೇನಿ, ನೋಡಿದ್ರ ತಾನೇ ನಿಮ್ಮಪ್ಪಗ ಹೇಳೋದು."

ನುಂಗಿದೆ. ಆಮ್ಯಾಲ ದಿನಾ ನುಂಗಿದೆ. ಅಪ್ಪ ರವಿವಾರಕ್ಕೊಮ್ಮೆ ಬಂದು, ಹುಡುಗಿ ಮೈ ಹಿಡೀಲತ್ಯಾಳ ಅಂತ ಖುಷಿ ಪಡ್ತಿದ್ದ. ಕಾಶೀಬಾಯಿ ಕಂಬಳಿ ಮಾರಿ ಮ್ಯಾಲ ಎಳಕೊಂಡು ನಗ್ತಿದ್ಲು.

ನಗು ಹೊರತು ಆಕಿ ಕಡಿ ಬ್ಯಾರೆ ಬಲ ಇದ್ದಿದ್ದಿಲ್ಲ. ನನಗಿಂತ ಭಾಳ ಮೊದಲೇ ಬಂದಾಕಿ. ಟೀಬಿ ಸುಯಿ ಹಾಕಿಸ್ಕೊಂಡು ಹಾಕಿಸ್ಕೊಂಡು ಆಕಿಗೆ ಕಿವಿಯಾಗ ದಿನಾಪೂರ್ತಿ ಗುಂಯ್ ಅಂತಿತ್ತು. ಎದ್ದು ನಿಂತ್ರ ನೆಲ ತಿರಗ್ತಿತ್ತು, ಗೋಡಿ ಹಿಡ್ಕೊಂಡು ನಡೀಬೇಕು. ಊಟ ಸೇರ್ತಿದ್ದಿಲ್ಲ. ಆದರೂ ಸುಯಿ ಹಾಕೋ ನರ್ಸಮ್ಮ ಬಂದ್ರ ಎಲ್ಲರಿಗಿಂತ ಮೊದಲು ತೋಳು ಮುಂದ ಮಾಡ್ತಿದ್ಲು. ಒಂದೊಂದು ಸುಯಿ ತನ್ನ ಚಂದ್ರಿ ಹತ್ರ ಒಂದೊಂದು ಹೆಜ್ಜಿ ಒಯ್ತದ ಅಂತ ಆಕಿ ನಂಬಿಕಿ.

ದೀಪಾವಳಿ ಹೊತ್ತಿಗೆ ಬೀದರ ಮೈಸೂರು ರಾಜ್ಯಕ್ಕ ಸೇರ್ತು. ಊರಾಗ ಡೋಲು ಬಾರಿಸಿದ್ದು ವಾರ್ಡಿನ ತನಕ ಕೇಳ್ತು. ಅಪ್ಪಗ ಕಚೇರಿಯಾಗ ಇನ್ನ ಮುಂದ ಕನ್ನಡದಾಗ ಬರೀಬೇಕು ಅಂತ ಹೇಳಿದ್ರಂತ. ಐವತ್ತು ವರ್ಷದ ಮನಿಷಾ ಪಾಟಿ ತಗೊಂಡು ಬಂದು, ನನ್ನ ಪಲಂಗದಿಂದ ದೂರ ಸ್ಟೂಲಿನ ಮ್ಯಾಲ ಕೂತು, ಅ ಆ ತಿದ್ದಿದ. 'ಮ' ಬರದು 'ಯ' ಅಂತಿದ್ದ. ಇಡೀ ವಾರ್ಡು ಅವನಿಗೆ ಮಾಸ್ತರಕಿ ಮಾಡ್ತು. ಆ ದವಾಖಾನಿಯಾಗ ನನಗ ಸಿಕ್ಕ ಸುಖದ ದಿನ ಅಂದ್ರ ಆ ರವಿವಾರಗಳು.

ಮುಂದ ಸ್ವಲ್ಪ ದಿನಕ್ಕ ಬಿಳಿ ಗಡ್ಡದ ಸಾಹೇಬರು ಹೈದ್ರಾಬಾದ ಕಡಿ ಹೋದ್ರು. ಹೋಗುವಾಗ ಒಬ್ಬೊಬ್ಬರ ಪಲಂಗದ ಹತ್ರ ನಿಂತು ಮಾತಾಡಿಸಿ ಹೋದ್ರು. ಅವರ ಜಾಗಕ್ಕ ಮೈಸೂರು ಸೀಮಿಯಿಂದ ಒಬ್ಬ ಡಾಕ್ಟರು ಬಂದ್ರು. ತೆಳ್ಳಗಿನ ಮನಿಷಾ, ಮೂವತ್ತರ ಸುತ್ತ ವಯಸ್ಸು. ಅವರ ಕನ್ನಡ ಕೇಳಿ ಹೆಣ್ಣುಮಕ್ಕಳು ಸೆರಗಿನಾಗ ನಗ್ತಿದ್ರು. ನಾವು ಕನ್ನಡ ಮಾತಾಡಿದ್ರ ಅವರು ಎರಡು ಸಲ ಕೇಳ್ತಿದ್ರು.

ಅವರು ನಮ್ಮ ಕಾಗದ ತೆಗದು ನೋಡಿದ್ರು. ಎಲ್ಲಾ ಉರ್ದು. ಹಿಂದ ಮುಂದ ತಿರುಗಿಸಿದ್ರು, ತಲಿಕೆಳಗ ಹಿಡದು ನೋಡಿದ್ರು, ಪಾಪ. ಉರ್ದು ಬಲ್ಲ ಕಂಪೌಂಡರನೂ ಸಾಹೇಬರ ಹಿಂದ ಹೋಗಿಬಿಟ್ಟಿದ್ದ. ಕಡೀಕೆ ನರ್ಸಮ್ಮಗ ಹೇಳಿದ್ರು: "ಎಲ್ಲರಿಗೂ ಹೊಸದಾಗಿ ಪ್ಲೇಟು ತೆಗೆಸಿ, ಕಫ ನೋಡಿಸಿ. ಮೊದಲಿನಿಂದ ಶುರು ಮಾಡೋಣ."

ಮೊದಲಿನಿಂದ? ಅಷ್ಟು ಸುಯಿ, ಅದರ ಜೋಡಿ ನುಂಗಿದ ಅಷ್ಟು ಕಹಿ ಪುಡಿ, ಅಷ್ಟು ದಿನ ಎಲ್ಲಾ ನೀರಿಗೆ ಹೋಗಬೇಕಾ? ನಾ ಮೊದಲೇ ಮುಂಗೋಪದಾಕಿ. ಎದ್ದು ಕೂತೆ.

"ಮತ್ತ ಯಾಕ ತೆಗಿಸ್ತೀರಿ ಡಾಕ್ಟರ? ಎಲ್ಲಾ ಬರದದ. ಹಳೀ ಪ್ಲೇಟು ಆ ಕಪಾಟಿನಾಗ ಅವ. ನಿಮಗ ಓದ್ಲಿಕ್ಕೆ ಬರಂಗಿಲ್ಲ ಅಂದ್ರ ನಾ ಓದಿ ಹೇಳ್ತೇನಿ. ನಿಮಗ ಬರ್ಲಿಲ್ಲಂತ ನಮ್ಮ ಎದಿ ಯಾಕ ಮತ್ತ ಮತ್ತ ಸುಡ್ತೀರಿ?"

ನರ್ಸಮ್ಮ ಬಾಯಿ ಮ್ಯಾಲ ಕೈ ಇಟ್ಕೊಂಡ್ಲು. ಡಾಕ್ಟರು ಸಿಟ್ಟಾಗ್ಲಿಲ್ಲ. ಹೋಗಿ ತಾವೇ ಒಂದು ಸ್ಟೂಲು ತಂದ್ರು. "ಓದಿ ಹೇಳ್ತೀರಾ ಅಮ್ಮ? ಬೇಜಾರಿಲ್ಲದಿದ್ರೆ" ಅಂದ್ರು.

ಮರುದಿನದಿಂದ ದಿನಾ ಮುಂಜಾನಿ ವಾರ್ಡಿನ ಮೂಲ್ಯಾಗಿನ ಮೇಜಿನ ಹತ್ರ ನಾ ಓದ್ತಿದ್ದೆ, ಅವರು ಬರ್ಕೊಂತಿದ್ರು. ನಮ್ಮ ವಾರ್ಡಿಂದೂ ಗಂಡಸರ ವಾರ್ಡಿಂದೂ, ದಿನಕ್ಕ ಒಬ್ಬರದು, ಆದ್ರ ಇಬ್ಬರದು. ಓದಿದಂಗ ಓದಿದಂಗ ಅವರ ಹುಬ್ಬು ಗಂಟಾಗ್ತಿತ್ತು. ಒಬ್ಬ ಮುದುಕಿಗೆ ಒಂದು ತಿಂಗಳದಾಗ ಮೂರು ಸಲ ಪ್ಲೇಟು ತೆಗದಿದ್ರು, ಹಿಂದಿಂದು ಕಪಾಟಿನಾಗ ಹುಡುಕೋ ತ್ರಾಸು ಯಾರೂ ತಗೊಂಡಿದ್ದಿಲ್ಲ. ಅವತ್ತು ಅವರು ಪೆನ್ನು ಕೆಳಗಿಟ್ಟು, ತಮ್ಮಷ್ಟಕ್ಕ ತಾವೇ ಅಂದಂಗ ಅಂದ್ರು: "ಈ ಪ್ಲೇಟು ನೋಡಿದ ಮೇಲೆ ನಾನು ಬೇರೆ ಏನು ಮಾಡ್ತೀನಿ? ಏನೂ ಇಲ್ಲ ಅಂದ್ರೆ ತೆಗೆಯೋದು ಯಾಕೆ?" ಅರವತ್ತು ಎಪ್ಪತ್ತು ವರ್ಷದಾಗ ನಾ ಎಷ್ಟೋ ಡಾಕ್ಟರನ್ನ ನೋಡೇನಿ. ಈ ಪ್ರಶ್ನಿ ತಮಗ ತಾವೇ ಕೇಳ್ಕೊಳ್ಳೋವರು ಕಡಿಮಿ.

ಇನ್ನೊಂದು ನೆನಪದ. ನಮ್ಮಂಥ ಸಣ್ಣ ಮೈಯವರಿಗೆ ಟೀಬಿ ಸುಯಿದು ಅರ್ಧ ಸೀಸಿ ಮದ್ದು ಸಾಕಾಗ್ತಿತ್ತು. ಮೊದಲು ಒಬ್ಬಾಕಿಗೆ ಮುಂಜಾನಿ ಸುಯಿ, ಇನ್ನೊಬ್ಬಾಕಿಗೆ ಸಂಜಿಕ. ಸೀಸಿಯಾಗಿನ ಪುಡಿಗೆ ನೀರು ಕೂಡಿಸಿ ಅರ್ಧ ಹಾಕಿ, ಉಳಿದ ಅರ್ಧ ಮೋರಿಗೆ ಚೆಲ್ತಿದ್ರು. ಡಾಕ್ಟರು ಅರ್ಧದವರನ್ನೆಲ್ಲ ಜೋಡಿ ಜೋಡಿ ಕೂಡಿಸಿದ್ರು. ಒಂದೇ ಹೊತ್ತು, ಒಂದೇ ಸೀಸಿ, ಸೂಜಿ ಮಾತ್ರ ಕುದಿಸಿದ್ದು ಬ್ಯಾರೆ ಬ್ಯಾರೆ. ನನಗ ಕಾಶೀಬಾಯಿ ಜೋಡಿ ಆದ್ಲು. "ನೋಡ್ರಿ ಬಾಯಾರ, ಒಂದೇ ಗಂಗಾಳದಾಗ ಉಂಡಂಗ ಆಯ್ತು" ಅಂದ್ಲು. ದವಾಖಾನಿಯಾಗೂ ಕೊಡ್ತಿದ್ದ ತಾಕತ್ತಿನ ಸುಯಿ, ಕೆಂಪು ಟಾನಿಕ್ಕು ಎಲ್ಲಾ ಬಂದ್ ಮಾಡಿದ್ರು. ಅದಕ್ಕ ಹೆಣ್ಣುಮಕ್ಕಳು ಜಗಳಾ ತಗದ್ರು. ಆ ಸುಯಿ ಹಾಕಿದ್ರ ಮೈ ಬೆಚ್ಚಗ ಆಗ್ತಿತ್ತು, ಅದೇ ಖರೇ ಔಷಧ ಅಂತ ಅವರ ತಿಳುವಳಿಕಿ. ಡಾಕ್ಟರು ಒಬ್ಬೊಬ್ಬರ ಹತ್ರ ಕೂತು, ಅದು ಬರೀ ಬೆಚ್ಚಗ ಮಾಡ್ತದ, ರೋಗ ಕಳೆಯಂಗಿಲ್ಲ ಅಂತ ಹೇಳಿದ್ರು. ಅವರ ಮಾತು ಅರ್ಧ ತಿಳೀಲಿಲ್ಲ, ಉಳಿದ ಅರ್ಧ ನಾ ತಿಳಿಸಿದೆ.

ಆ ಹೊತ್ತಿಗೆ ಒಂದು ತೊಂದರಿ ಬಂದು ನಿಂತ್ತು. ಸುಯಿ ಮದ್ದು ಮೊದಲು ಹೈದ್ರಾಬಾದ ಕಡಿಯಿಂದ ಬರ್ತಿತ್ತು. ನೀವು ಈಗ ನಮ್ಮವರಲ್ಲ ಅಂತ ಆ ಕಡಿಯವರು ಬರದ್ರು. ನಿಮ್ಮ ಹೆಸರು ನಮ್ಮ ಪಟ್ಟಿಯಾಗ ಇನ್ನ ಬಂದಿಲ್ಲ ಅಂತ ಹೊಸ ಕಡಿಯವರು ಬರದ್ರು. ಕಪಾಟಿನಾಗ ಇದ್ದ ಸೀಸಿ ಎಲ್ಲರಿಗೂ ಸಾಲಂಗಿದ್ದಿಲ್ಲ. ಯಾರದು ಅರ್ಧಕ್ಕ ನಿಲ್ತದೋ ಅವರಿಗೆ ರೋಗ ಮತ್ತ ಜೋರಾಗಿ ಬರ್ತದ, ಆಗ ಔಷಧ ನಾಟಂಗಿಲ್ಲ ಅಂತ ಡಾಕ್ಟರು ನನಗ ಹೇಳಿದ್ರು. ನನಗ ಹಾಕಬೇಕಾದ ಸುಯಿಯಾಗ ಇನ್ನ ಅರ್ಧ ಉಳಿದಿತ್ತು.

ಆ ವಾರನೇ ಕಾಶೀಬಾಯಿ ಕಾಗದ ಓದೋ ಸರ್ತಿ ಬಂತು.

ಸಾಹೇಬರ ಅಕ್ಷರ ಚೊಕ್ಕ ಇರ್ತಿದ್ದವು, ತಪ್ಪಿ ಓದೇನಂದ್ರೂ ಆಗ್ತಿದ್ದಿಲ್ಲ. ಕಡೀ ಪುಟದಾಗ ಹಿಂಗಿತ್ತು. ಎದಿ ಎರಡೂ ಕಡಿ ಕೆಟ್ಟದ. ಸುಯಿ ಪೂರಾ ಕೊಟ್ಟಾಗ್ಯಾದ, ಕಫದಾಗ ರೋಗ ಹಂಗೇ ಅದ. ಕಿವಿ ಗುಂಯ್ ಅನ್ನೋದು, ತಲಿ ತಿರುಗೋದು ಸುಯಿಯಿಂದ. ಇನ್ನ ಕೊಟ್ರ ಫಾಯದಾ ಇಲ್ಲ. ಅದರ ಕೆಳಗ ಒಂದೇ ಸಾಲು ಬ್ಯಾರೆ ಶಾಯಿಯಾಗ ಇತ್ತು: ಈ ಹೆಣ್ಣುಮಗಳಿಗೆ ಭಾಳ ಆಸೆ ಅದ, ಅದಕ್ಕ ಬಂದ್ ಮಾಡಿಲ್ಲ.

ಆ ಸಾಲಿನ ಮ್ಯಾಲ ನನ್ನ ಬೆರಳು ನಿಂತ್ತು. ತಲಿ ಎತ್ತಿದ್ರ ಕಾಶೀಬಾಯಿ ನನ್ನ ಕಡೀನೇ ನೋಡ್ಲತ್ತಿದ್ಲು.

"ನಂದು ಓದ್ಲತ್ತೀರೇನ್ರಿ ಬಾಯಾರ? ಛಲೋ ಓದ್ರಿ ಮತ್ತ" ಅಂದ್ಲು.

"ಏನಿದೆ ಅಮ್ಮ?" ಅಂತ ಡಾಕ್ಟರು ಕೇಳಿದ್ರು.

ನಾ ಸುಳ್ಳು ಹೇಳಬಹುದಿತ್ತು. ಹೇಳಿದ್ರ ಆಕಿಗೆ ಸುಯಿ ಮುಂದುವರೀತಿತ್ತು, ಯಾರೋ ಒಬ್ಬರದು ನಿಲ್ತಿತ್ತು, ಆ ಯಾರೋ ಅನ್ನೋದು ನಾನೂ ಆಗಬಹುದಿತ್ತು. ನಾ ದನಿ ಸಣ್ಣದು ಮಾಡಿ, ಇದ್ದದ್ದು ಇದ್ದಂಗ ಓದಿದೆ. ಖರೇ ಓದಬೇಕಂತ ಓದಿದೆನೋ, ಬದುಕಬೇಕಂತ ಓದಿದೆನೋ, ನನಗ ಇವತ್ತಿಗೂ ಬಗೆಹರಿದಿಲ್ಲ.

ಡಾಕ್ಟರು ಪೆನ್ನು ಮುಚ್ಚಿದ್ರು. ಆಮ್ಯಾಲ ನನ್ನ ಹೊರಗ ವರಾಂಡಾಕ್ಕ ಕರದ್ರು.

"ಈಕೆಗೆ ಸೂಜಿ ನಿಲ್ಲಿಸ್ತೀನಿ. ಅದು ಔಷಧ ಉಳಿಸೋಕೆ ಮಾತ್ರ ಅಲ್ಲ, ಸೂಜಿ ಈಕೆಗೆ ತೊಂದರೆ ಕೊಡ್ತಿದೆ. ಈಗಲೇ ಹೇಳಿ ಮನೆಗೆ ಕಳಿಸಿಬಿಡೋಣ. ಇನ್ನೂ ಬಸ್ಸಿನಲ್ಲಿ ಕೂರೋ ಶಕ್ತಿ ಇದೆ. ಇವರು ಹೊರಗೆ ಮಲಗೋ ಜನ, ಗಾಳಿ ಇರುತ್ತೆ. ಲೋಟ ಬೇರೆ ಇಟ್ಟುಕೊಂಡು, ಹಾಸಿಗೆ ಬೇರೆ ಮಾಡಿಕೊಂಡು ಮಗಳ ಕಣ್ಣೆದುರಿಗೆ ಇರಲಿ. ನಾಲ್ಕು ದಿನವೋ ನಲವತ್ತು ದಿನವೋ."

"ಬ್ಯಾಡ್ರಿ ಡಾಕ್ಟರ" ಅಂದೆ ನಾ. "ಹೇಳಬ್ಯಾಡ್ರಿ. ನಮ್ಮ ಕಡಿ ಹಂಗ ರೋಗಿಗೆ ಮಾರಿ ಮ್ಯಾಲ ಹೇಳಂಗಿಲ್ಲ. ಸುಯಿ ಬಂದ್ ಆದ ದಿನಾನೇ ಆಕಿ ಜೀವ ಬಿಡ್ತಾಳ. ಆಕಿ ಆ ಸುಯಿ ಮ್ಯಾಲೇ ನಿಂತಾಳ."

"ಹಾಗಾದ್ರೆ ಏನು ಮಾಡಬೇಕು?"

"ಉಪ್ಪುನೀರು ಹಾಕ್ರಿ. ಹಾಕಿದಂಗ ಮಾಡ್ರಿ."

ಅವರು ಕಂಬಕ್ಕ ಆತು ನಿಂತ್ರು. ಒಪ್ಪಿಗಿ ಇದ್ದಂಗ ಕಾಣಲಿಲ್ಲ. ಕಡೀಕೆ, "ನಾನು ಹೊಸಬ. ನಿಮ್ಮ ಜನರನ್ನ ನೀವು ಬಲ್ಲಿರಿ" ಅಂದ್ರು.

ಆ ಮಾತು ಕೇಳಿ ನನಗ ಹೆಮ್ಮಿ ಅನಿಸ್ತು. ಹತ್ತೊಂಬತ್ತು ವರ್ಷದ ಹುಡುಗಿ, ಡಾಕ್ಟರು ನನ್ನ ಮಾತು ಕೇಳಿದ್ರು. ದಯದಿಂದ ಹೇಳಿದೆ ಅಂತ ಆಗ ತಿಳಕೊಂಡಿದ್ದೆ. ದಯಾನೂ ಇತ್ತು. ಅದರ ಜೋಡಿ ಇನ್ನೆರಡು ಇದ್ದವು. ಆಕಿ ಹೋದ್ರ ಬಾಜೂಕಿನ ಪಲಂಗ ಖಾಲಿ ಆಗ್ತದ ಅನ್ನೋ ಅಂಜಿಕಿ ಒಂದು. ಕಾಗದ ಓದಿದಾಕಿ ನಾನೇ ಅಂತ ಆಕಿಗೆ ಗೊತ್ತಾಗಬಾರದು ಅನ್ನೋದು ಇನ್ನೊಂದು.

ಉಪ್ಪುನೀರಿನ ಸುಯಿ ಶುರು ಆಯ್ತು. ಅರ್ಧ ಸೀಸಿಗೆ ನನಗ ಬ್ಯಾರೆ ಜೋಡಿ ಕೂಡಿಸಿದ್ರು, ಆಕಿಗೆ ನಿಂದು ಇನ್ನ ಮ್ಯಾಲ ಬ್ಯಾರೆ ಸೀಸಿ ಅಂದ್ರು. ಎರಡು ವಾರ ಆಗಿದ್ದಿಲ್ಲ, ಕಾಶೀಬಾಯಿ ಗೋಡಿ ಬಿಟ್ಟು ನಡದ್ಲು. ಕಿವಿಯಾಗಿನ ಗುಂಯ್ ಕಡಿಮಿ ಆಯ್ತು. ಅರ್ಧ ರೊಟ್ಟಿ ಉಣ್ಣಾಕಿ ಒಂದೂವರೆ ರೊಟ್ಟಿ ಉಂಡ್ಲು, ಪುಂಡಿಪಲ್ಯ ಬೇಕಂತ ಹಟ ಮಾಡಿದ್ಲು.

"ಈ ಡಾಕ್ಟರ ಕೈಗುಣ ನೋಡ್ರಿ ಬಾಯಾರ. ಸುಯಿ ಹಾಕಿದ್ದೇ ಗೊತ್ತಾಗಂಗಿಲ್ಲ. ಹಳೀ ಸಾಹೇಬರು ಛಲೋ ಮನಿಷಾರೇ ಖರೇ, ಆದರ ಅವರ ಸುಯಿ ನನಗ ಒಗ್ಗಿದ್ದಿಲ್ಲ."

ನಾ ಹೂಂ ಅಂದೆ. ಮತ್ತೇನು ಅನ್ನಲಿ? ಆಕಿಗೆ ಛಲೋ ಅನಿಸಿದ್ದು ಸುಳ್ಳಲ್ಲ. ಅಷ್ಟು ತಿಂಗಳು ಫಾಯದಾ ಇಲ್ಲದ್ದನ್ನ ಮೈಯಾಗ ಹಾಕಿ ಹಾಕಿ ನೆಲ ತಿರುಗಿಸಿದ್ರು, ಅದು ನಿಂತ ಮ್ಯಾಲ ನೆಲ ನಿಂತ್ತು. ಅವತ್ತು ಡಾಕ್ಟರು ಹೇಳಿದ್ದು ಪೂರಾ ಖರೇ ಇತ್ತು. ಬಸ್ಸಿನಾಗ ಕೂರೋ ಶಕ್ತಿ ಅಲ್ಲ, ಬಸ್ ಸ್ಟ್ಯಾಂಡಿನ ತನಕ ನಡದು ಹೋಗೋ ಶಕ್ತಿ ಆಕಿಗೆ ಬಂದಿತ್ತು. ಮನಿಗೆ ಹೋಗ್ತೀಯೇನ್ ಅಂತ ಡಾಕ್ಟರು ಒಮ್ಮೆ ಸುಮ್ಮನ ಕೇಳಿದ್ರು. "ಈಗ ಯಾಕ್ರಿ? ಗುಣ ಬರ್ಲತ್ತದ. ಪೂರಾ ಮಾಡ್ಕೊಂಡೇ ಹೋಗ್ತೇನಿ" ಅಂದ್ಲು ಕಾಶೀಬಾಯಿ. ಡಾಕ್ಟರು ನನ್ನ ಕಡಿ ನೋಡಿದ್ರು. ನಾ ನೆಲ ನೋಡಿದೆ.

ಒಂದು ದಿನ ಆಕಿ ಗಂಡ ಮಾಳಪ್ಪ ಮಗಳನ್ನ ಕರಕೊಂಡು ಬಂದ. ಕೂಸುಗಳನ್ನ ವಾರ್ಡಿನೊಳಗ ಬಿಡ್ತಿದ್ದಿಲ್ಲ. ಅಂಗಳದ ಬೇವಿನ ಗಿಡದ ಕೆಳಗ ನಿಂತ್ರು. ಕಾಶೀಬಾಯಿ ತಲಿ ಬಾಚ್ಕೊಂಡು, ಕುಂಕುಮ ಇಟ್ಕೊಂಡು, ನನ್ನ ಕೈ ಹಿಡ್ಕೊಂಡು ವರಾಂಡಾದ ಮೆಟ್ಟಲ ತನಕ ಬಂದ್ಲು. ಚಂದ್ರಿ ಅಪ್ಪನ ಕೈ ಕೊಸರಿ ಓಡಿ ಬಂತು.

"ಅಲ್ಲೇ ನಿಲ್ಲು" ಅಂದ್ಲು ಕಾಶೀಬಾಯಿ. "ಅಲ್ಲೇ ನಿಲ್ಲವ್ವ, ಹತ್ರ ಬರಬ್ಯಾಡ. ಇನ್ನ ಸ್ವಲ್ಪೇ ದಿನ. ಪೂರಾ ಛಲೋ ಆಗಿ ಬರ್ತೇನಿ, ಆಗ ಎತ್ಕೊಂತೇನಿ."

ಕೂಸು ಅಂಗಳದ ನಡುವ ನಿಂತ್ತು. ಹಿಂದಕ್ಕೂ ಹೋಗ್ಲಿಲ್ಲ, ಮುಂದಕ್ಕೂ ಬರ್ಲಿಲ್ಲ. ಅದರ ಕೈಯಾಗ ಅವ್ವಗಂತ ತಂದ ಬಾರಿಹಣ್ಣು ಇದ್ದವು, ಒಂದೊಂದೇ ಕೆಳಗ ಬೀಳ್ಲತ್ತಿದ್ದವು. ಮಾಳಪ್ಪ ದೂರದಿಂದಲೇ, "ಒಂದೆರಡು ದಿನ ಮನಿಗೆ ಕರಕೊಂಡು ಹೋಗ್ಲೇನ್ರಿ?" ಅಂತ ನನಗ ಕೇಳಿದ. ನಾ ಅಲ್ಲೇ ಮಗ್ಗುಲದಾಗ ನಿಂತಿದ್ದೆ. ಕರಕೊಂಡು ಹೋಗಪ್ಪ ಅಂತ ಒಂದು ಮಾತು ಅಂದಿದ್ರ ಸಾಕಿತ್ತು. ಬಾಯಿ ತೆಗದೆ, ಆದರ ನನಗಿಂತ ಮೊದಲು ಕಾಶೀಬಾಯೇ ಅಂದ್ಲು: "ಸುಯಿ ತಪ್ಪಿಸಬಾರದ್ರಿ, ತಪ್ಪಿಸಿದ್ರ ಇಷ್ಟು ದಿನದ್ದೂ ಕೆಡ್ತದ." ನಾ ಬಾಯಿ ಮುಚ್ಚಿದೆ. ಅವರು ಬಸ್ಸಿನ ಹೊತ್ತಾಯ್ತಂತ ಹೋದ್ರು. ಆಕಿ ಅವತ್ತು ಭಾಳ ಖುಷಿಯಾಗಿದ್ಲು, ಮಗಳು ಎತ್ತರ ಆಗ್ಯಾಳ ಅಂತ ಹತ್ತು ಸಲ ಹೇಳಿದ್ಲು.

ಅದಾಗಿ ಎರಡು ವಾರ ಕಳದಿರಲಿಕ್ಕಿಲ್ಲ. ಮುಂಜಾನಿ ಮಾರಿ ತೊಳ್ಕೊಳ್ಳುವಾಗ ಆಕಿಗೆ ಕೆಮ್ಮು ಬಂತು. ಮೊದಲು ಬಾಯಿ ತುಂಬ, ಆಮ್ಯಾಲ ಮುಂದಿನ ನೀರಿನ ತಸ್ಲಿ ತುಂಬ ರಕ್ತ. ಡಾಕ್ಟರು ಓಡಿ ಬಂದ್ರು. ನಾ ಆಕಿ ಬೆನ್ನಿಗೆ ಆತು ಕೂತಿದ್ದೆ. ಆಕಿ ನನ್ನ ಕೈ ಹಿಡ್ಕೊಂಡು, "ಚಂದ್ರಿಗಿ ಹತ್ರ ಕರೀಬೇಕಿತ್ತು ಬಾಯಾರ" ಅಂದ್ಲು. ಅದೇ ಆಕಿ ಕಡೀ ಮಾತು. ಆ ನರ್ಸಮ್ಮ, ಆ ಡಾಕ್ಟರು, ನಾ, ಮೂರು ಮಂದಿ ಆಕಿ ಮುಂದ ಇದ್ವಿ, ಆಕಿಯವರು ಅನ್ನೋರು ಒಬ್ಬರೂ ಇದ್ದಿದ್ದಿಲ್ಲ.

ಔರಾದಕ್ಕ ರೈಲಿಲ್ಲ. ಬಸ್ಸಿನವನ ಕೈಯಾಗ ಸುದ್ದಿ ಕಳಿಸಿ, ಅದು ಹಳ್ಳಿಗೆ ಮುಟ್ಟಿ, ಮಾಳಪ್ಪ ಬರೋದರಾಗ ಎರಡು ದಿನ ಆಯ್ತು. ಅಷ್ಟೊತ್ತು ಇಟ್ಕೊಳ್ಳಿಕ್ಕೆ ಬರಂಗಿಲ್ಲಂತ ಬೀದರದಾಗೇ ಮಣ್ಣು ಮಾಡಿದ್ರು. ಆಂವ ಆಕಿ ಕಂಬಳಿ ತಗೊಂಡು ಹೋದ.

ಮಾಳಪ್ಪ ಹೋದ ದಿನ ಓದೋ ಕೆಲಸ ಆಗ್ಲಿಲ್ಲ. ಡಾಕ್ಟರು ಮೇಜಿನ ಹತ್ರ ಬಂದು ಕೂತ್ರು, ನಾನೂ ಕೂತೆ.

"ಒಂದು ಸೀಸೆ ಔಷಧ ಹಾಳಾಗಬಾರದು ಅಂತ ನಾನು ಎಷ್ಟು ಒದ್ದಾಡಿದೆ ನೋಡಿ ಅಮ್ಮ. ಆಕೆಯ ಐದು ವಾರ ಹಾಳು ಮಾಡಿಬಿಟ್ಟೆ. ಹೇಳಬೇಕಾದೋನು ನಾನು. ನಿಮ್ಮನ್ನ ಕೇಳಿದ್ದೇ ನನ್ನ ತಪ್ಪು."

ಅವರು ತಪ್ಪು ತಮ್ಮ ಮ್ಯಾಲ ಹಾಕ್ಕೊಂಡ್ರು. ಅದರಿಂದ ನನ್ನ ತಪ್ಪು ಕಡಿಮಿ ಆಗ್ಲಿಲ್ಲ. ಮುಂದ ಅವರು ಯಾರಿಗೂ ಉಪ್ಪುನೀರು ಹಾಕಿಸ್ಲಿಲ್ಲ. ಔಷಧ ನಿಲ್ಲಿಸಬೇಕಾದಾಗ ಬಾಗಿಲಾ ಹಾಕಿ, ರೋಗಿನ್ನೂ ಮನಿಯವರನ್ನೂ ಕೂಡಿಸ್ಕೊಂಡು ಹೇಳ್ತಿದ್ರು, ತಿಳಿಯದ ಮಾತು ತಿಳಿಸ್ಲಿಕ್ಕೆ ನನ್ನ ಕರೀತಿದ್ರು. ಮಂದಿ ಅಳ್ತಿದ್ರು. ಅತ್ತ ಮ್ಯಾಲ ಬಸ್ ಎಷ್ಟೊತ್ತಿಗದ ಅಂತ ಕೇಳ್ತಿದ್ರು. ನಾ ಅಂಜಿದಂಗ ಯಾರೂ ಕೇಳಿದ ದಿನಾನೇ ಜೀವ ಬಿಡ್ಲಿಲ್ಲ.

ನಂದು ಸುಯಿ ಪೂರಾ ಆಯ್ತು. ಹೊಸ ಕಡಿಯಿಂದ ಮದ್ದು ಬರೋ ತನಕ ಕಪಾಟಿನಾಗ ಇದ್ದದ್ದು ಸಾಕಾಯ್ತು. ಕಾಶೀಬಾಯಿದು ಉಳಿದಿತ್ತಲ್ಲ. ಬ್ಯಾಸಗಿಯಾಗ ಕಫ ಚೊಕ್ಕ ಅಂತ ಬಂತು. ಅಪ್ಪ ಸುದ್ದಿ ಕೇಳಿ ವರಾಂಡಾದಾಗ ಎಲ್ಲರ ಮುಂದ ಅತ್ತ, ಈ ಸರ್ತಿ ಕಂಬದ ಹಿಂದ ಹೋಗ್ಲಿಲ್ಲ. ಮನಿಗೆ ಬಂದಾಗ ಅವ್ವ ನನ್ನ ಬ್ಯಾರೆ ಗಂಗಾಳ ಅಟ್ಟದ ಮ್ಯಾಲ ಇಟ್ಟು ತನ್ನ ಗಂಗಾಳದಾಗ ಹಾಕಿ ಕೊಟ್ಲು. ಕಾಶೀಬಾಯಿ ಒಂದೇ ಗಂಗಾಳ ಅಂದದ್ದು ನನಗ ನೆನಪಾಯ್ತು.

ಮರುವರ್ಷ ಅಪ್ಪನ್ನ ಕರಕೊಂಡು ಔರಾದಕ್ಕ ಹೋದೆ. ಅಲ್ಲಿಂದ ಎರಡು ಹರದಾರಿ ನಡಗಿ. ಮಾಳಪ್ಪ ಹೊಲದಾಗ ಕುರಿಹಟ್ಟಿ ಹತ್ರ ಕೂತು ಉಣ್ಣಿ ನೂಲ್ತಿದ್ದ. ಕಂಬಳಿ ಹಾಸಿ ಕೂಡಿಸಿದ, ತಾ ಕುಡಿಯೋ ಲೋಟದಾಗೇ ಹಾಲು ಕೊಟ್ಟ. ಟೀಬಿ ಆದ ಹುಡುಗಿ ಅಂತ ಗೊತ್ತಿದ್ದೂ ಕೊಟ್ಟ. ನಾ ಹಾಲು ಕುಡಿಯೋಕಿಂತ ಮೊದಲೇ ಎಲ್ಲಾ ಹೇಳಿದೆ. ಕಾಗದ ಓದಿದ್ದು, ಡಾಕ್ಟರು ಮನಿಗೆ ಕಳಿಸ್ತೇನಿ ಅಂದದ್ದು, ನಾ ಬ್ಯಾಡ ಅಂದದ್ದು, ಉಪ್ಪುನೀರು. ಅಪ್ಪಗೂ ಅದು ಗೊತ್ತಿದ್ದಿಲ್ಲ. ಆಂವ ನನ್ನ ಮಾರಿ ನೋಡ್ಕೊಂತ ಕೂತ.

ಮಾಳಪ್ಪ ನೂಲೋದು ನಿಲ್ಲಿಸಿದ. "ನಾವು ಕುರಿ ಕಾಯೋ ಮಂದಿ ಬಾಯಾರ" ಅಂದ. "ಕುರಿ ಉಳಿಯಂಗಿಲ್ಲ ಅಂತ ಕಂಡ್ರ ಅದರ ಮರಿ ತಂದು ಹತ್ರ ಬಿಡ್ತೀವಿ. ಅಷ್ಟು ತಿಳೀತದ ನಮಗ. ಹೇಳಿದ್ರ ಆಗ್ತಿತ್ತು." ದನಿಯಾಗ ಸಿಟ್ಟಿದ್ದಿಲ್ಲ. ಹಾಲು ಆರ್ತದ, ಕುಡೀರಿ ಅಂತ ಹೇಳಿ, ಎದ್ದು ಕುರಿ ನೀರಿಗೆ ಬಿಡ್ಲಿಕ್ಕೆ ಹೋದ.

ಚಂದ್ರಿ ನನ್ನ ಮುಂದ ಕೂತಿತ್ತು. ಅದಕ್ಕ ಐದು ತುಂಬಿರಬೇಕು. ಎಲ್ಲಾ ಕೇಳಿಸ್ಕೊಂಡಿತ್ತು.

"ಅವ್ವ ಯಾಕ ದೂರ ನಿಲ್ಲು ಅಂದ್ಲು?"

"ಛಲೋ ಆಗಿ ಬಂದು ನಿನ್ನ ಎತ್ಕೊಂತೇನಿ ಅಂತ ತಿಳದಿದ್ಲವ್ವ."

"ಛಲೋ ಆಗಂಗಿಲ್ಲ ಅಂತ ಗೊತ್ತಿದ್ರ?"

"ಗೊತ್ತಿದ್ರ ನಿನ್ನ ಬಿಡ್ತಿದ್ದಿಲ್ಲ."

ಕೂಸು ಒಂದು ಉಣ್ಣಿ ಎಳಿ ಬೆರಳಿಗೆ ಸುತ್ಕೊಂತು. "ನಿನಗ ಗೊತ್ತಿತ್ತಾ?"

"ಗೊತ್ತಿತ್ತು" ಅಂದೆ.

ಅದು ಎದ್ದು ಹೋಗಿ ಕುರಿ ನಡುವ ಅಪ್ಪನ ಹಿಂದ ನಿಂತ್ತು. ನಾವು ಹೊರಡೋ ತನಕ ನನ್ನ ಹತ್ರ ಬರ್ಲಿಲ್ಲ.